ಕಡ ಕೊಟ್ಟ ತಾಳ್ಮೆ

ತಾಳ್ಮೆಯನ್ನು ಕಡ ಕೊಡಬಹುದಂತೆ ಎಂಬ ಸುದ್ದಿ ನಮ್ಮ ಓಣಿಗೆ ಬಂದಾಗ ಮೊದಲು ನಕ್ಕವಳು ನನ್ನ ಹೆಂಡತಿ ಕಸ್ತೂರೆವ್ವ.

"ಸಕ್ಕರಿ ಕಡ ಕೇಳ್ತಾರ, ಚಾಪುಡಿ ಕೇಳ್ತಾರ. ಇನ್ನ ಮ್ಯಾಲೆ ವಾಟಗ ಹಿಡಕೊಂಡು ತಾಳ್ಮಿ ಕೇಳಾಕ ಬರ್ತಾರೇನು?" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಬಂದ್ರ ಬರಲಿ. ನಮ್ಮನ್ಯಾಗ ಅದೊಂದು ರಗಡ ಐತಿ. ಬ್ಯಾರೆ ಏನೂ ಗಳಿಸದಿದ್ರೂ ಅದನ್ನ ಗಳಿಸಿಟ್ಟಾರ ಇವರು," ಎಂದಳು.

ಆಕೆ ಹೇಳಿದ್ದು ಸುಳ್ಳಲ್ಲ. ನಾನು ಶಾಲೆಗೆ ಹೋದದ್ದು ಅಕ್ಷರ ಕೂಡಿಸಿ ಓದಲು ಬರುವಷ್ಟು ದಿನ ಮಾತ್ರ. ಮುಂದೆ ಕರೇಗುಡ್ಡದ ರೈಲ್ವೆ ಗೇಟಿನಲ್ಲಿ ಗೇಟ್‌ಮನ್ ಆಗಿ ಸೇರಿದೆ, ಅಲ್ಲಿಯೇ ಮುದುಕನಾದೆ. ಗುಡ್ಡವನ್ನು ಸೀಳಿ ಹಳಿ ಹಾಕಿದ ಜಾಗ ಅದು. ಗೇಟಿನ ಪಕ್ಕ ನನ್ನ ಕೋಣೆ, ಕೋಣೆಯ ಮುಂದೆ ಒಂದು ಬೇವಿನ ಗಿಡ, ಗಿಡದ ಬುಡದಲ್ಲಿ ನೀರಿನ ಹರವಿ. ಸ್ಟೇಷನ್ನಿನಿಂದ ಫೋನು ಬಂದರೆ ಗೇಟು ಹಾಕಬೇಕು. ಗಾಡಿಯ ಕಡೇ ಡಬ್ಬಿ ದಾಟಿದ್ದನ್ನು ಕಣ್ಣಾರೆ ಕಂಡ ಮೇಲೆ ತೆಗೆಯಬೇಕು. ನಡುವೆ ಮಾಡುವ ಕೆಲಸವೆಂದರೆ ಕಾಯುವುದು. ಒಮ್ಮೊಮ್ಮೆ ಗಾಡಿ ಎಲ್ಲೋ ನಿಂತುಬಿಡುತ್ತಿತ್ತು, ಫೋನೂ ಸತ್ತಿರುತ್ತಿತ್ತು. ಗೇಟಿನ ಆಚೆ ಈಚೆ ಚಕ್ಕಡಿಯವರು, ಟ್ರ್ಯಾಕ್ಟರಿನವರು, ತಲೆಯ ಮೇಲೆ ಬುತ್ತಿ ಹೊತ್ತ ಹೆಂಗಸರು ನನ್ನ ಮುಖ ನೋಡುತ್ತ ನಿಂತಿರುತ್ತಿದ್ದರು. ಗೇಟು ತೆಗೆಯುವ ಹಾಗಿಲ್ಲ. ನಾನು ಅವರ ಬಳಿಗೆ ಹೋಗಿ ಒಂದೇ ಮಾತು ಹೇಳುತ್ತಿದ್ದೆ.

"ಗಾಡಿ ತಡ ಐತಿ. ತಪ್ಪು ನಿಮ್ಮದಲ್ಲ. ನೆರಳಾಗ ಕುಂದರ್ರಿ, ನೀರು ಕುಡೀರಿ. ಬಂದ್ರೂ ಹೇಳ್ತೀನಿ, ಬರದಿದ್ರೂ ಹೇಳ್ತೀನಿ."

ಆಮೇಲೆ ಹಳಿಯ ಕೆಳಗೆ ರಸ್ತೆ ತೋಡಿದರು. ಗೇಟು ಹೋಯಿತು. ನಾನೂ ಮನೆಗೆ ಬಂದೆ.

ಆ ಹೊತ್ತಿಗೆ ಜಗತ್ತಿನಲ್ಲಿ ಇನ್ನೊಂದು ಕಥೆ ನಡೆದಿತ್ತು. ಫೋನಿನಲ್ಲಿ ನಾವು ತೆಗೆದು ನೋಡುವ ಪುಟಗಳಿವೆಯಲ್ಲ, ಬಸ್ಸಿನ ಪುಟ, ದವಾಖಾನೆಯ ಪುಟ, ರೇಷನ್ನಿನ ಪುಟ, ಅವನ್ನೆಲ್ಲ ಬಹಳ ವರ್ಷ ಯಂತ್ರಗಳೇ ಬರೆದುಕೊಂಡು ಬಂದಿದ್ದವು. ಬರೆದದ್ದನ್ನು ಯಾರೂ ಓದಲಿಲ್ಲ. ಒಂದು ಸಲ ಕೆಟ್ಟು ನಿಂತಾಗ ಒಳಗೆ ಏನಿದೆ ಎಂದು ಹೇಳುವವರು ಯಾರೂ ಉಳಿದಿರಲಿಲ್ಲ. ಆಗ ಕಾಯ್ದೆ ಬಂತು. ಜನ ಬಳಸುವ ಪ್ರತಿ ಪುಟವನ್ನೂ ತಿಳಿದ ಮನುಷ್ಯನೇ ಕಟ್ಟಬೇಕು, ಕೇಳಿದರೆ ಉತ್ತರ ಕೊಡಬೇಕು ಎಂದಾಯಿತು. ಹುಡುಗ ಹುಡುಗಿಯರಿಗೆ ಮತ್ತೆ ಕೆಲಸ ತೆರೆಯಿತು. ಬೆಟಗೇರಿಯ ಹಳೆಯ ಹತ್ತಿ ಜಿನ್ನಿನ ಕಟ್ಟಡದಲ್ಲೂ ಒಂದು ತರಬೇತಿ ಕೇಂದ್ರ ಶುರುವಾಯಿತು. ಕಲಿಸುವವರು ಸಿಕ್ಕರು, ಕಲಿಯುವವರೂ ಸಿಕ್ಕರು. ಕೂರುವವರು ಸಿಗಲಿಲ್ಲ.

ಹುಟ್ಟಿದಂದಿನಿಂದ ಬೆರಳು ಸರಿಸಿ ಸರಿಸಿ ಬೆಳೆದ ಮಕ್ಕಳು. ಒಂದು ತಪ್ಪಿನ ಮುಂದೆ ಒಂದು ಗಳಿಗೆ ನಿಲ್ಲುವುದೆಂದರೆ ಅವರಿಗೆ ಉಸಿರು ಕಟ್ಟುತ್ತಿತ್ತು. ದಡ್ಡರಲ್ಲ. ಹೇಳಿದರೆ ಮಿಂಚಿನಂತೆ ತಿಳಿಯುತ್ತಿತ್ತು, ಮಿಂಚಿನಂತೆಯೇ ಹೋಗಿಬಿಡುತ್ತಿತ್ತು.

ಅದಕ್ಕೇ ತಾಳ್ಮೆ ಕಡ ಕೊಡಿಸುವ ಯಂತ್ರ ಬಂದದ್ದು. ನಮ್ಮಂಥವರನ್ನು ಹುಡುಕಿ ಕರೆದದ್ದು.

ಆಯ್ಕೆಯ ದಿನ ನಮ್ಮನ್ನು ಒಂದು ಬಿಳಿ ಗೋಡೆಯ ಮುಂದೆ ಕೂರಿಸಿದರು. ಏನೂ ಮಾಡುವುದು ಬೇಡ, ಸುಮ್ಮನೆ ಕೂರಿ ಎಂದರು. ಕೆಲವರು ಎದ್ದು ಹೋದರು, ಕೆಲವರು ನಿದ್ದೆ ಹೋದರು. ಗೋಡೆಯ ಮೇಲೆ ಒಂದು ಬಿರುಕಿತ್ತು, ಅದರಲ್ಲಿ ಇರುವೆಗಳು ಓಡಾಡುತ್ತಿದ್ದವು, ನಾನು ನೋಡುತ್ತ ಕುಳಿತೆ. ಬಹಳ ಹೊತ್ತಿನ ಮೇಲೆ ಒಬ್ಬ ಹೆಣ್ಣುಮಗಳು ಕೈ ಒರೆಸಿಕೊಳ್ಳುತ್ತ ಓಡಿ ಬಂದಳು.

"ಅಯ್ಯ ಅಜ್ಜಾರ, ಇನ್ನೂ ಕೂತೀರೇನು? ನಾವೆಲ್ಲಾ ಊಟಕ್ಕ ಹೋಗಿ ನಿಮ್ಮನ್ನ ಮರ್ತೇ ಬಿಟ್ಟಿದ್ವಿ."

"ಏಳ್ರಿ ಅಂತ ಯಾರೂ ಹೇಳಲಿಲ್ರಿ," ಎಂದೆ.

ಆಕೆ ತಾಳಿಕೋಟಿ ಮ್ಯಾಡಮ್. ಕೇಂದ್ರದ ವಿಜ್ಞಾನಿ. ಧಾರವಾಡದ ಕಡೆಯವರು. ನನ್ನನ್ನು ಆಯ್ದುಕೊಂಡದ್ದು ಅಲ್ಲಿಯೇ, ನಿಂತ ನಿಲುವಿನಲ್ಲೇ.

ಯಂತ್ರವೆಂದರೆ ಹೆದರುವಂಥದ್ದಲ್ಲ. ಕೂಸಿಗೆ ಹಾಕುವ ಕುಲಾಯಿಯಂಥ ಎರಡು ಟೊಪ್ಪಿಗೆ. ಒಂದು ನನಗೆ, ಒಂದು ಕಲಿಯುವವರಿಗೆ. ನಾವೆಲ್ಲ ಅದನ್ನು ಕುಲಾಯಿ ಎಂದೇ ಕರೆದೆವು.

"ಎದಿಗೆ ಬಡಿತ ಇದ್ದಂಗ ಮನಸ್ಸಿಗೂ ಒಂದು ಬಡಿತ ಇರ್ತದ್ರಿ," ಎಂದು ಮ್ಯಾಡಮ್ ತಿಳಿಸಿ ಹೇಳಿದರು. "ಒಂದ ಕಡೆ ನಿಂತ ಮನಸ್ಸಿಂದು ಬ್ಯಾರೆ, ಹಾರಾಡೋ ಮನಸ್ಸಿಂದು ಬ್ಯಾರೆ. ನಿಮ್ಮ ಕುಲಾಯಿ ನಿಮ್ಮ ಬಡಿತ ಕೇಳಿಸ್ಕೋತದ. ಕಲಿಯೋರದು ಅದನ್ನ ಅವರ ತಲಿಗೆ ಮೆಲ್ಲಕ ತಟ್ಟತದ. ಕೂಸಿನ ಬೆನ್ನ ತಟ್ಟತೀರಲ್ಲ, ಹಂಗ."

"ನಂದು ಖರ್ಚಾಗಿ ಹೋಗತೈತೇನ್ರಿ?"

"ಸಂಜೀಮುಂದ ಒಂದೀಟು ಕಡಿಮಿ ಅನಸಬಹುದು. ಮುಂಜಾನೆ ಅಷ್ಟೊತ್ತಿಗೆ ತುಂಬಿರ್ತದ."

ನನಗೆ ಜೋಡಿಯಾಗಿ ಬಂದವಳು ನಾಗವೇಣಿ. ಕರಾವಳಿಯ ಹುಡುಗಿ, ಮೀನು ಹಿಡಿಯುವ ಮೊಗೇರರ ಮನೆಯವಳು. ತೆಳ್ಳಗೆ, ಕಪ್ಪಗೆ, ಕಾಲಿನ ಬೆರಳು ಯಾವಾಗಲೂ ನೆಲ ಗೀರುತ್ತಿರುವವಳು. ತಾಯಿ ಹುಬ್ಬಳ್ಳಿಯ ಒಂದು ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡಿಕೊಂಡು ಅಲ್ಲಿಯ ಉಗ್ರಾಣದಲ್ಲೇ ಮಲಗುತ್ತಿದ್ದಳು. ಮಗಳು ಇಲ್ಲಿ, ಕೇಂದ್ರದ ವಸತಿಯಲ್ಲಿ. ಈ ತರಬೇತಿ ಪಾಸಾದರೆ ಪುಟ ಕಟ್ಟುವವರ ಕೆಳಗಿನ ಮೆಟ್ಟಿಲಿನ ಕೆಲಸ ಒಂದು ಸಿಗುತ್ತದೆ. ಸಿಕ್ಕರೆ ಒಂದು ಕೋಣೆ ಹಿಡಿಯಬೇಕು, ಅಮ್ಮನನ್ನು ಕರೆದುಕೊಂಡು ಬರಬೇಕು. ಮೊದಲ ದಿನವೇ ಅದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದಳು.

"ಎರಡು ಸಲ ಬೇರೆ ಕಡೆ ಸೇರಿ ಬಿಟ್ಟೆ ಅಜ್ಜ. ಕೂತ್ಕೊಳ್ಳೂಕೆ ಆಗೂದಿಲ್ಲ ನಂಗೆ. ಇದು ಕಡೇದು."

"ಕೂತೀಯಲ್ಲ ಈಗ."

"ಇದು ಕೂತದ್ದು ಅಲ್ಲ. ಏಳೂಕೆ ಮುಂಚೆ ಇರೂದು."

ಕುಲಾಯಿ ಹಾಕಿದರು. ನನಗೆ ಒಂದು ಕಿಟಕಿಯ ಪಕ್ಕ ಕುರ್ಚಿ, ಆಕೆಗೆ ಕಂಪ್ಯೂಟರಿನ ಮುಂದೆ. ನನ್ನ ಕೆಲಸ ಇಷ್ಟೇ, ಕರೇಗುಡ್ಡದಲ್ಲಿ ಕುಳಿತಂತೆ ಕೂರುವುದು. ನಾನು ಹಳಿ ನೆನೆದೆ. ಬಿಸಿಲಲ್ಲಿ ಹೊಳೆಯುವ ಹಳಿ, ದೂರದಲ್ಲಿ ಅದು ಒಂದಾಗುವ ಜಾಗ. ಸ್ವಲ್ಪ ಹೊತ್ತಿಗೆ ಆಕೆಯ ಕಾಲಿನ ಬೆರಳು ನಿಂತಿತು.

ದಿನಗಳು ಹೋದ ಹಾಗೆ ಆಕೆ ನನಗೂ ಒಂದಿಷ್ಟು ತೋರಿಸುತ್ತಿದ್ದಳು. ಪುಟವೆಂದರೆ ಡಬ್ಬಿಯೊಳಗೆ ಡಬ್ಬಿ. ಹೆಸರಿನದೊಂದು ಡಬ್ಬಿ, ಚಿತ್ರದ್ದೊಂದು, ಒತ್ತುವ ಗುಂಡಿಯದೊಂದು. ತೆರೆದ ಪ್ರತಿ ಡಬ್ಬಿಯನ್ನೂ ಮುಚ್ಚಬೇಕು. ಒಂದನ್ನು ಮರೆತರೆ ಹಿಂದಿನದೆಲ್ಲ ಹಳಿ ತಪ್ಪುತ್ತದೆ.

"ಗೂಡ್ಸ್ ಗಾಡಿ ಇದ್ದಂಗ ಐತಲ್ಲವಾ. ಇಂಜಿನ್ ಎಲ್ಲಿ?"

"ಇಂಜಿನ್ ಇಲ್ಲಿಲ್ಲ, ಬೇರೆ ಊರಲ್ಲಿ ಇರ್ತದೆ. ಈ ಗುಂಡಿ ಒತ್ತಿದ್ರೆ ಪುಟ ಅಲ್ಲಿಗೆ ಹೋಗಿ ಕೇಳ್ತದೆ. ಉತ್ತರ ಬರೂವರೆಗೆ ಕಾಯ್ತದೆ."

"ಕಾಯತೈತಿ?"

"ಹೌದು ಮತ್ತೆ. ನೋಡಿ, ಚಕ್ರ ತಿರುಗ್ತಾ ಇದೆಯಲ್ಲ, ಅದು ಕಾಯೂದು."

ನಾನು ಆ ಸಣ್ಣ ಚಕ್ರವನ್ನು ಬಹಳ ಹೊತ್ತು ನೋಡಿದೆ. ಪಾಪ ಅನ್ನಿಸಿತು.

ಯಾವಾಗ ಶುರುವಾಯಿತೋ ಹೇಳಲಾರೆ. ಒಂದು ಮಧ್ಯಾಹ್ನ ಹಳಿ ನೆನೆಯುತ್ತ ಕುಳಿತಿದ್ದೇನೆ, ತುಟಿಯ ಮೇಲೆ ಉಪ್ಪಿನ ರುಚಿ. ಒರೆಸಿಕೊಂಡೆ. ಮತ್ತೆ ಬಂತು. ಆಮೇಲೆ ಸಪ್ಪಳ. ಗಾಡಿಯ ಸಪ್ಪಳ ನನಗೆ ಗೊತ್ತು, ಅದು ಬರುತ್ತದೆ, ಹೋಗುತ್ತದೆ. ಇದು ಬರುತ್ತಿತ್ತು, ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕೊನೆಯ ಡಬ್ಬಿಯೇ ಇಲ್ಲದ ಗಾಡಿ. ಆ ಸಪ್ಪಳದ ಕೂಡ ಎದೆಯಲ್ಲಿ ಏನೋ ಎಳೆಯುತ್ತಿತ್ತು. ಯಾವುದೋ ಬಾಗಿಲಿನ ಹೊಸ್ತಿಲ ಮೇಲೆ ಕೂರಬೇಕು, ಅದು ಎಲ್ಲಿದೆಯೋ ಗೊತ್ತಿಲ್ಲ, ಆದರೆ ಈಗಲೇ ಹೋಗಿ ಕೂರಬೇಕು ಅನ್ನುವಂಥ ಎಳೆತ.

ನಾನು ಸಮುದ್ರ ನೋಡಿದವನಲ್ಲ. ನನ್ನ ಗೇಟು ದಾಟಿದ ಗಾಡಿಗಳಲ್ಲಿ ಕೆಲವು ಸಮುದ್ರದವರೆಗೆ ಹೋಗುತ್ತಿದ್ದವಂತೆ. ನಾನು ಅವಕ್ಕೆ ಹಸಿರು ಬಾವುಟ ತೋರಿಸಿದ್ದಷ್ಟೇ.

ತಾಳಿಕೋಟಿ ಮ್ಯಾಡಮ್ ತಮ್ಮ ಕೋಣೆಗೆ ಕರೆದು ಪರದೆಯ ಮೇಲೆ ಮನಸ್ಸಿನ ಬಡಿತದ ಎರಡು ಗೆರೆ ತೋರಿಸಿದರು. ಒಂದು ನನ್ನದು, ಒಂದು ನಾಗವೇಣಿಯದು. ಮೊದಲು ಬೇರೆ ಬೇರೆ ಇದ್ದವು, ಈಗ ಒಂದರ ಮೇಲೊಂದು ಮಲಗಿದ್ದವು.

"ಇದಕ್ಕ ಸೋರಿಕೆ ಅಂತೀವ್ರಿ. ಎರಡು ಕೆರಿ ನಡುವ ಒಡ್ಡು ತಗದ್ರ ನೀರು ಎರಡೂ ಕಡೆ ಹರೀತದ. ನಿಮ್ಮ ತಾಳ್ಮಿ ಆಕಿಗೆ ಹೋಗೂಮುಂದ ಆಕೀದೂ ಏನರೆ ನಿಮ್ಮ ಕಡೆ ಬರ್ತದ. ಕುಲಾಯಿ ತಗದ ಮ್ಯಾಲೆ ತಾನ ಆರತದ. ತ್ರಾಸ ಆಗ್ತದೇನು?"

"ಇಲ್ರಿ," ಎಂದೆ. ತ್ರಾಸವಲ್ಲದೆ ಇನ್ನೇನು ಎಂದು ನನಗೂ ತಿಳಿಯಲಿಲ್ಲ.

ಮನೆಯಲ್ಲಿ ಮಾತ್ರ ಬೇರೆಯೇ ನಡೆದಿತ್ತು. ಮದುವೆಯಾದಂದಿನಿಂದ ಊಟ ತಡವಾಯಿತು ಎಂದು ಒಂದು ದಿನ ಅಂದವನಲ್ಲ ನಾನು. ಈಗ ಸಂಜೆ ಕೇಂದ್ರದಿಂದ ಬಂದವನೇ ಒಲೆಯ ಮುಂದೆ ಹೋಗಿ ನಿಲ್ಲುತ್ತಿದ್ದೆ.

"ರೊಟ್ಟಿ ಇನ್ನೂ ಆಗಲಿಲ್ಲೇನು?"

ಕಸ್ತೂರೆವ್ವ ಬಡಿಯುವುದನ್ನು ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರ್ರೀ ನೀವು? ನಮ್ಮ ಯಜಮಾನ್ರು ಎಲ್ಲಿ ಹೋದ್ರು?"

"ಚ್ಯಾಷ್ಟಿ ಸಾಕು. ಹಸಿವಿ ಆಗೈತಿ."

"ಆಗಲಿ. ಹಸದವರ ಮಾರಿ ನಾನೂ ಒಮ್ಮೆ ನೋಡತೀನಿ. ಇಷ್ಟು ವರ್ಷ ಕಲ್ಲಿಗೆ ನೀಡಿದಂಗ ಆಗಿತ್ತು." ಬೈದಂತೆ ಹೇಳಿದಳು. ಆದರೆ ಆ ದಿನದ ರೊಟ್ಟಿ ಹೂವಿನಂತೆ ಉಬ್ಬಿತ್ತು.

ಸಂತೆಯ ದಿನ ಇನ್ನೂ ಕೆಟ್ಟಿತು. ನಾವು ಮೀನು ಮುಟ್ಟುವವರಲ್ಲ. ಸಂತೆಯ ತುದಿಯಲ್ಲಿ ಒಣಮೀನು ಮಾರುವವಳು ಕೂರುತ್ತಾಳೆ, ಆ ಕಡೆ ಹೋಗುವಾಗ ಕಸ್ತೂರೆವ್ವ ಸೆರಗು ಮೂಗಿಗೆ ಹಿಡಿಯುತ್ತಾಳೆ. ಅಂದು ಆ ವಾಸನೆ ಬಂದದ್ದೇ ನನ್ನ ಕಾಲು ನಿಂತುಬಿಟ್ಟಿತು. ಕಣ್ಣು ತುಂಬಿತು. ಮರಳಿನ ಮೇಲೆ ಹಾಸಿದ ಬಲೆ, ಅದರ ಮೇಲೆ ಬೆಳ್ಳಿಯಂತೆ ಹರಡಿದ ಮೀನು, ಕಾಗೆ ಓಡಿಸುವ ಒಂದು ಕೋಲು ಯಾರದೋ ಕೈಯಲ್ಲಿ, ಬಹುಶಃ ನನ್ನದೇ ಕೈಯಲ್ಲಿ.

"ಏನ್ರೀ, ಮೀನು ತಿನ್ನಾಕ ಮನಸಾತೇನು ಈ ವಯಸ್ಸಿನ್ಯಾಗ?"

"ತಿನ್ನಾಕ ಅಲ್ಲ. ಮನಿ ನೆನಪಾತು."

"ಯಾವ ಮನಿ?"

ಕಸ್ತೂರೆವ್ವ ಮತ್ತೆ ನಗಲಿಲ್ಲ. ಚೀಲ ತಾನೇ ಹಿಡಿದು ನನ್ನ ಕೈ ಹಿಡಿದುಕೊಂಡು ನಡೆದಳು.

ಮರುದಿನ ನಾಗವೇಣಿಯನ್ನು ಕೇಳಿದೆ. ಊಟದ ಹೊತ್ತು. ಜಿನ್ನಿನ ಹಿಂದಿನ ಕಟ್ಟೆಯ ಮೇಲೆ ಕುಳಿತಿದ್ದೆವು.

"ನಿಮ್ಮ ಮನಿ ಬಾಗಲಾ ಸಮುದ್ರದ ಕಡೆ ಇತ್ತೇನವಾ? ಹೊಸ್ತಲ ಬಲಕ್ಕ ಒಡದಿತ್ತು?"

ಆಕೆಯ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ನಿಮಗೂ ಬಂತಾ ಅದು?"

"ಬಂದೈತಿ."

ಆಕೆ ತುತ್ತನ್ನು ತಟ್ಟೆಗೆ ಇಳಿಸಿದಳು. ಆಮೇಲೆ ಹೇಳಿದಳು. ಸಮುದ್ರ ವರ್ಷ ವರ್ಷವೂ ಕೇರಿಯ ಹತ್ತಿರ ಬಂತು. ಮೊದಲು ಬಲೆ ಒಣಗಿಸುವ ಮರಳು ಹೋಯಿತು, ಆಮೇಲೆ ತೆಂಗಿನ ಸಾಲು. ಕಲ್ಲಿನ ತಡೆಗೋಡೆ ಕಟ್ಟುತ್ತೇವೆ, ಬಂದು ಅಳತೆ ಮಾಡುತ್ತೇವೆ ಎಂದು ಹೇಳಿ ಹೋದವರು ಇದ್ದರು.

"ಅಪ್ಪ ಇರೂವಾಗ್ಲೇ ಹೇಳಿದ್ರು. ನಾವು ಕಾಯ್ತಾ ಕೂತ್ವಿ. ಅಮ್ಮ ದಿನಾ ಹೊಸ್ತಿಲ ಮೇಲೆ ಕೂತು ರಸ್ತೆ ನೋಡೂದು. ಯಾರೂ ಬರ್ಲಿಲ್ಲ. ಬರ್ದೇ ಇದ್ದದ್ದಕ್ಕೆ ಸಿಟ್ಟಿಲ್ಲ ಅಜ್ಜ. ಬರೂದಿಲ್ಲ ಅಂತಾದ್ರೂ ಯಾರಾದ್ರೂ ಬಂದು ಹೇಳ್ಬೇಕಿತ್ತು. ಹೇಳಿದ್ರೆ ಬಾಗಿಲು, ಮಂಚ, ಅಪ್ಪನ ಬಲೆ ಎಲ್ಲ ತಕ್ಕೊಂಡು ಹೊರಡ್ತಿದ್ವಿ. ಕಾಯ್ತಾ ಇದ್ದದ್ದಕ್ಕೆ ಎಲ್ಲಾ ಹೋಯ್ತು."

ನನ್ನ ಬುತ್ತಿಯಲ್ಲಿದ್ದ ಶೇಂಗಾ ಚಟ್ನಿಯನ್ನು ಆಕೆಯ ತಟ್ಟೆಗೆ ಹಾಕಿದೆ. ತಿಂದಳು.

ಕೊನೆಯ ಪರೀಕ್ಷೆಗೆ ಮೊದಲು ಒಂದು ತಾಲೀಮು ಪರೀಕ್ಷೆ ಇಟ್ಟರು. ದವಾಖಾನೆಯಲ್ಲಿ ಪಾಳಿ ಹಿಡಿಯುವ ಪುಟ ಕಟ್ಟಬೇಕು. ಕಾಯಿಲೆಯವರು ಹೆಸರು ಹಾಕಿ ಗುಂಡಿ ಒತ್ತುತ್ತಾರೆ, ಪುಟ ದೂರದ ಕಂಪ್ಯೂಟರಿಗೆ ಕೇಳಿ ನಿಮ್ಮ ಪಾಳಿ ಇಷ್ಟನೆಯದು ಎಂದು ತಿಳಿಸಬೇಕು. ನಾಗವೇಣಿಯ ಪುಟ ಎಲ್ಲರದಕ್ಕಿಂತ ಅಚ್ಚುಕಟ್ಟು. ತೆರೆದ ಡಬ್ಬಿಗಳೆಲ್ಲ ಮುಚ್ಚಿದ್ದವು. ಪರೀಕ್ಷಕರು ನೋಡಿ ತಲೆದೂಗಿದರು. ಆಮೇಲೆ ಬೇಕೆಂದೇ ದೂರದ ಕಂಪ್ಯೂಟರನ್ನು ಬಂದ್ ಮಾಡಿ ಗುಂಡಿ ಒತ್ತಿದರು.

ಬೇರೆ ಮಕ್ಕಳ ಪುಟಗಳು ಸ್ವಲ್ಪ ಹೊತ್ತು ನೋಡಿ, ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದು ಹೇಳಿ ಸುಮ್ಮನಾದವು. ನಾಗವೇಣಿಯ ಪುಟ ಗುಂಡಿಯನ್ನು ಮುಚ್ಚಿಕೊಂಡು ಕಾಯತೊಡಗಿತು. ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಪರೀಕ್ಷಕರು ಚಹಾ ಕುಡಿದು ಬಂದರು, ಆಗಲೂ ತಿರುಗುತ್ತಿತ್ತು. ಎಷ್ಟು ಹೊತ್ತು ಕಾಯಬೇಕು ಎಂದು ಆಕೆ ಅದಕ್ಕೆ ಹೇಳಿಯೇ ಇರಲಿಲ್ಲ. ಹೇಳಬೇಕು ಎಂದು ಆಕೆಗೆ ಹೊಳೆದೂ ಇರಲಿಲ್ಲ.

"ಎದಿ ಹಿಡಕೊಂಡು ಬಂದ ಮನಷಾ ಇದನ್ನ ಒತ್ತಿರ್ತಾನವಾ," ಎಂದರು ಪರೀಕ್ಷಕರು. "ಈ ಚಕ್ರ ನೋಡ್ಕೋತ ಆಂವ ಎಲ್ಲೀತನಕ ಕೂಡಬೇಕು?"

ನಾಪಾಸು.

ಮ್ಯಾಡಮ್ ನನ್ನನ್ನು ಮತ್ತೆ ಒಳಗೆ ಕರೆದರು. ಪರದೆಯ ಮೇಲೆ ಅದೇ ಗೆರೆಗಳು.

"ಇದು ಆಕಿ ತಪ್ಪಲ್ರಿ ಅಜ್ಜಾರ, ನಿಮ್ಮದೂ ಅಲ್ಲ. ನಾವು ನಿಮ್ಮ ಕಡಿಂದ ತಾಳ್ಮಿ ತಗೊಂಡ್ವಿ. ಆದ್ರ ಅದು ಗೇಟಿನವರ ತಾಳ್ಮಿ. ಕಡೇ ಡಬ್ಬಿ ಕಾಣೂತನಕ ಗೇಟು ತಗ್ಯಾಂಗಿಲ್ಲ ಅನ್ನೂದು ಅದರಾಗ ನೇಯ್ದು ಬಿಟ್ಟದ. ಆಕಿ ಪುಟಾನೂ ಹಂಗ ಕೂತು ಬಿಟ್ಟದ."

ನಾನು ನೆಲ ನೋಡಿದೆ. ರೈಲ್ವೆಯಲ್ಲಿ ಆ ತಾಳ್ಮೆಯಿಂದ ಎಷ್ಟೋ ಜೀವ ಉಳಿದಿದ್ದವು. ಇಲ್ಲಿ ಅದೇ ಒಬ್ಬ ಹುಡುಗಿಯ ಕೊರಳಿಗೆ ಬಂದಿತ್ತು.

"ಈಗ ಕುಲಾಯಿ ತಗದ್ರ?" ಎಂದೆ.

"ತಗದ್ರ ಸೋರಿಕೆ ಆರಲಿಕ್ಕೆ ಶುರು ಆಗ್ತದ. ಪರೀಕ್ಷಾ ಹೊತ್ತಿಗೆ ಆಕಿ ಮನಸ್ಸು ಆಕೀದ ಆಗಿರ್ತದ. ಆದ್ರ ಉಳದ ದಿನಾ ಆಕಿ ಒಬ್ಬಾಕಿನ ಕೂಡಬೇಕು. ಕೂಡ್ತಾಳೋ ಇಲ್ಲೋ ನನಗೂ ಗೊತ್ತಿಲ್ಲ. ನಿಮ್ಮ ಕಡೆ ಬಂದದ್ದೂ ಹೋಗ್ತದ. ಇಬ್ಬರೂ ಒಪ್ಪಿದ್ರ ಮಾತ್ರ ತಗೀತೀನಿ."

ನಾನು ಆಗಲೇ ಹ್ಞೂಂ ಅನ್ನಬೇಕಿತ್ತು. ನಾಳೆ ಹೇಳುತ್ತೇನೆ ಎಂದು ಎದ್ದು ಬಂದೆ.

ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಬಿಸಿಲು ಇಳಿದಿತ್ತು, ಓಣಿಯಲ್ಲಿ ಎಮ್ಮೆಗಳು ಮರಳುತ್ತಿದ್ದವು, ನನ್ನೊಳಗೆ ಸಮುದ್ರ ಬಂದು ಹೋಗಿ ಮಾಡುತ್ತಿತ್ತು. ಈ ವಯಸ್ಸಿಗೆ ನನಗೆ ಬೇಕು ಅನ್ನಿಸುವುದು ಯಾವುದೂ ಉಳಿದಿರಲಿಲ್ಲ. ಕೊಟ್ಟದ್ದನ್ನು ಉಂಡು, ಹಾಸಿದ್ದರಲ್ಲಿ ಮಲಗಿ ಬಂದವನು. ಯಾರದೋ ಮನೆಯ ಹೊಸ್ತಿಲು ಬಂದು ನನ್ನಲ್ಲಿ ಬೇಕು ಎನ್ನುವುದನ್ನು ಎಬ್ಬಿಸಿತ್ತು. ಬೇಕು ಅನ್ನಿಸುವುದು ಇಷ್ಟು ನೋವು, ಇಷ್ಟು ಸವಿ ಎಂದು ನನಗೆ ಯಾರೂ ಹೇಳಿರಲಿಲ್ಲ. ಅದನ್ನು ಬಿಟ್ಟುಕೊಡಬೇಕಲ್ಲ ಎಂದು ಕುಳಿತಿದ್ದೆ.

ಕಸ್ತೂರೆವ್ವನಿಗೆ ಎಲ್ಲ ಹೇಳಿದೆ. ಆಕೆ ಅವರೆಕಾಯಿ ಸುಲಿಯುತ್ತಿದ್ದಳು.

"ಆ ಸಮುದ್ರ ಯಾರದು?"

"ಆಕೀದು."

"ಕಡ ತಂದದ್ದನ್ನ ಇಟಗೊಳ್ಳೋ ಮಂದಿ ಅಲ್ಲಲ್ಲ ನಾವು." ಸ್ವಲ್ಪ ಹೊತ್ತು ಸುಲಿದಳು. ಆಮೇಲೆ ಮೆಲ್ಲಗೆ, "ನಂಗೂ ಬ್ಯಾಸರ ಆಗತೈತ್ರಿ. ಇನ್ನ ಮ್ಯಾಲೆ ರೊಟ್ಟಿ ಎಲ್ಲಿ ಅಂತ ಯಾರು ಕೇಳ್ತಾರ," ಎಂದಳು.

ಮರುದಿನ ನಾಗವೇಣಿಗೆ ನಾನೇ ಹೇಳಿದೆ. ಆಕೆ ಕುಲಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಸರಿದಳು.

"ಬೇಡ ಅಜ್ಜ. ಇದಿಲ್ದೆ ನಂಗೆ ಕೂತ್ಕೊಳ್ಳೂಕೆ ಆಗೂದಿಲ್ಲ. ಕಡೇ ಸಲ ಇದು. ಅಮ್ಮ ಉಗ್ರಾಣದಲ್ಲಿ ಮೆಣಸಿನ ಚೀಲದ ಮಧ್ಯ ಮಲಗ್ತಾಳೆ, ಗೊತ್ತುಂಟಾ ನಿಮ್ಗೆ?"

"ಗೊತ್ತೈತಿ. ಆ ಘಾಟು ನನ್ನ ಮೂಗಿಗೂ ಬಂದೈತಿ."

ಆಕೆ ಅತ್ತಳು. ನಾನು ಕಾದೆ.

"ಕೂಡಾಕ ಆಗಲಿಲ್ಲಂದ್ರ ಏಳು," ಎಂದೆ. "ಎದ್ದು ಅಂಗಳದಾಗಿನ ಬೇವಿನ ಗಿಡದ ಮಟಾ ಹೋಗು, ಮುಟ್ಟಿ ಬಾ, ಮತ್ತ ಕೂಡು. ನಾ ಏನು ಕಲ್ಲಿನ ಬಸವಣ್ಣನಂಗ ಕೂತಿದ್ದೆ ಅಂತ ತಿಳದೀಯೇನು? ಹಳಿ ಗುಂಟ ಅಡ್ಡಾಡತಿದ್ದೆ. ಅಲ್ಲೀ ಬೇವಿನ ಗಿಡಕ್ಕ ಎಷ್ಟು ಸಲ ನೀರು ಹಾಕೀನೋ. ಕೂಡೂದಂದ್ರ ತಿರಗಿ ಬಂದು ಕೂಡೂದವಾ."

ಆಕೆ ಮೂಗು ಒರೆಸಿಕೊಂಡು ನನ್ನನ್ನು ನೋಡಿದಳು. "ಇದನ್ನ ಮೊದ್ಲೇ ಹೇಳೂದಲ್ವಾ ಮಾರಾಯ್ರೆ," ಎಂದಳು.

ಆ ಮಧ್ಯಾಹ್ನವೇ ಕುಲಾಯಿ ತೆಗೆದರು.

ಮುಂದಿನ ದಿನಗಳಲ್ಲಿ ನಾನು ಕೇಂದ್ರಕ್ಕೆ ಹೋಗುವ ಕಾರಣವಿರಲಿಲ್ಲ. ಆದರೂ ಹೋಗಿ ಗೇಟಿನ ಹೊರಗೆ ಚಹಾದಂಗಡಿಯಲ್ಲಿ ಕೂರುತ್ತಿದ್ದೆ. ಆಕೆ ಹೊರಗೆ ಬಂದು ಬೇವಿನ ಗಿಡ ಮುಟ್ಟಿ ಒಳಗೆ ಹೋಗುವುದು ಅಲ್ಲಿಂದ ಕಾಣುತ್ತಿತ್ತು. ಮೊದಮೊದಲು ಒಂದು ಚಹಾ ಮುಗಿಯುವುದರೊಳಗೆ ಮತ್ತೆ ಮತ್ತೆ ಬರುತ್ತಿದ್ದಳು. ಬರಬರುತ್ತ ಕಡಿಮೆಯಾಯಿತು. ಕೊನೆಗೆ ಬರುವುದೇ ಇಲ್ಲವೇನೋ ಎಂದು ನಾನೇ ಕತ್ತು ಚಾಚಿ ನೋಡುವ ಹಾಗಾಯಿತು.

ನನ್ನೊಳಗಿನ ಸಮುದ್ರ ಇಳಿಯುತ್ತಿತ್ತು. ಮೊದಲು ವಾಸನೆ ಹೋಯಿತು. ಆಮೇಲೆ ಹೊಸ್ತಿಲಿನ ಬಿರುಕು ಎಡಕ್ಕೋ ಬಲಕ್ಕೋ ಎಂದು ಮರೆತೆ. ಸಪ್ಪಳ ಮಾತ್ರ ಸ್ವಲ್ಪ ದಿನ ಉಳಿದಿತ್ತು, ಪಕ್ಕದ ಊರಿನಲ್ಲಿ ಹೋಗುವ ಗಾಡಿಯಂತೆ. ಒಂದು ಸಂಜೆ ರೊಟ್ಟಿ ತಡವಾಯಿತು. ನಾನು ಸುಮ್ಮನೆ ಕುಳಿತಿದ್ದೆ. ಕಸ್ತೂರೆವ್ವ ಒಳಗಿನಿಂದ ಒಮ್ಮೆ ಇಣುಕಿ ನೋಡಿದಳು.

ಪರೀಕ್ಷೆಯ ದಿನ ನಾಗವೇಣಿಯ ತಾಯಿ ಹುಬ್ಬಳ್ಳಿಯಿಂದ ಬಂದಳು. ಕಸ್ತೂರೆವ್ವನೂ ನನ್ನ ಕೂಡ ಬಂದಿದ್ದಳು. ಇಬ್ಬರು ಹೆಂಗಸರೂ ಜಿನ್ನಿನ ಕಟ್ಟೆಯ ಮೇಲೆ ಕುಳಿತರು.

"ನಿಮ್ಮ ಗಂಡನೇ ಅಂತೆ ನನ್ನ ಮಗಳನ್ನ ಕೂರಿಸಿದ್ದು," ಎಂದಳು ತಾಯಿ.

"ನಿಮ್ಮ ಮಗಳು ಇವರನ್ನ ಎಬ್ಬಿಸಿದ್ಲಲ್ಲವಾ. ಅದನ್ನ ಯಾರಿಂದಲೂ ಮಾಡಾಕ ಆಗಿರಲಿಲ್ಲ."

ತಾಯಿ ನಗಲಿಲ್ಲ. ಕಟ್ಟೆಯ ಮೇಲೆ ಆಕೆ ಕುಳಿತ ರೀತಿ ನನಗೆ ಗುರುತು ಸಿಕ್ಕಿತು. ಮೊಣಕಾಲು ಅಪ್ಪಿಕೊಂಡು, ದಾರಿಯ ಕಡೆ ಮುಖ ಮಾಡಿ. ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂಬುದು ಆಗಲೇ ಹೋಗಿಬಿಟ್ಟಿತ್ತು.

ಬಿಸಿಲು ನೆತ್ತಿಗೆ ಬಂದಾಗ ತಾಳಿಕೋಟಿ ಮ್ಯಾಡಮ್ ಹೊರಗೆ ಬಂದರು. ಹಿಂದೆ ನಾಗವೇಣಿ. ಮ್ಯಾಡಮ್ಮರ ಮುಖದಲ್ಲಿ ನಗುವೂ ಇರಲಿಲ್ಲ, ಬೇಸರವೂ ಇರಲಿಲ್ಲ.

"ಅಜ್ಜಾರ, ಒಂದು ಮಾತು ಕೇಳಬೇಕು. ಇವತ್ತೂ ಪರೀಕ್ಷಕರು ಆಕಿ ಪುಟಕ್ಕ ಉತ್ತರ ಬರದಂಗ ಮಾಡಿದ್ರು. ಸ್ವಲ್ಪ ಹೊತ್ತಿಗೆ ಪುಟದ ಮ್ಯಾಲೆ ಮಾತು ಬಂತು. ಓದ್ಲಾ?" ಕೈಯಲ್ಲಿದ್ದ ಫೋನು ನೋಡಿ ಓದಿದರು.

"ಉತ್ತರ ಬರುವುದು ತಡವಾಗಿದೆ. ತಪ್ಪು ನಿಮ್ಮದಲ್ಲ. ನೆರಳಿನಲ್ಲಿ ಕುಳಿತುಕೊಳ್ಳಿ, ನೀರು ಕುಡಿಯಿರಿ. ಬಂದರೂ ಹೇಳುತ್ತೇನೆ, ಬರದಿದ್ದರೂ ಹೇಳುತ್ತೇನೆ."

ಕಸ್ತೂರೆವ್ವನ ಕೈ ನನ್ನ ತೋಳಿನ ಮೇಲೆ ಬಂತು. ಗೇಟಿನ ಕೋಣೆಯಲ್ಲಿ ಹೊಸದಾಗಿ ಸಂಸಾರ ಹೂಡಿದವಳು ಆಕೆ. ಆ ಮಾತನ್ನು ಆಕೆ ಕೇಳದ ದಿನವಿರಲಿಲ್ಲ.

"ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ಇವತ್ತು ಉತ್ತರ ಬರೂದಿಲ್ಲ, ದವಾಖಾನಿಗೆ ಈ ನಂಬರಿಗೆ ಫೋನ್ ಮಾಡ್ರಿ ಅಂತ ಹೇಳಿ ಗುಂಡಿ ತಗೀತು. ಬರೋಬ್ಬರಿ ಕೆಲಸ. ಆದ್ರ ನೆರಳು ಯಾಕ, ನೀರು ಯಾಕ ಅಂತ ಪರೀಕ್ಷಕರು ಕೇಳ್ಯಾರ. ನೀವು ಹೇಳಿಕೊಟ್ರೇನು?"

"ಇಲ್ರಿ. ಆ ಮಾತು ನಾ ಆಕಿಗೆ ಎಂದೂ ಹೇಳಿಲ್ಲ."

ಮ್ಯಾಡಮ್ ನಾಗವೇಣಿಯ ಕಡೆ ನೋಡಿದರು.

"ಯಾರು ಹೇಳಿದ್ದೋ ನಂಗೂ ಗೊತ್ತಿಲ್ಲ ಮೇಡಮ್. ಅಲ್ಲೊಂದು ಮಾತು ಬೇಕಿತ್ತು. ನಮ್ಮನೆ ಹೊಸ್ತಿಲ ಮುಂದೆ ಯಾರಾದ್ರೂ ಬಂದು ಇಷ್ಟು ಹೇಳಿದ್ರೆ ಸಾಕಿತ್ತು ಅಂತ ನೆನೀತಿದ್ದೆ. ಕೈ ತಾನೇ ಬರೀತು."

ಆ ಮಾತು ಯಾರದು ಎಂದು ಯಾವ ಗೆರೆ ನೋಡಿ ಹೇಳುವುದು. ಕುಲಾಯಿಯಲ್ಲಿ ನಾನು ಹಳಿಯನ್ನಷ್ಟೇ ನೆನೆದಿದ್ದೆ ಎಂದುಕೊಂಡಿದ್ದೆ. ಹಳಿಯ ಈಚೆ ನಿಂತ ಜನರನ್ನೂ ನೆನೆದಿದ್ದೆನೋ ಏನೋ. ಮ್ಯಾಡಮ್ ಇನ್ನೇನೂ ಕೇಳಲಿಲ್ಲ. "ಪಾಸ್ ಮಾಡ್ಯಾರ್ರಿ," ಎಂದರು. ತಾಯಿ ಮಗಳ ಮುಖವನ್ನು ಸೆರಗಿನಿಂದ ಒರೆಸಿದಳು. ಆ ಮುಖದ ಮೇಲೆ ಒರೆಸುವಂಥದ್ದು ಏನೂ ಇರಲಿಲ್ಲ.

ನಾಗವೇಣಿಗೆ ಕಾರವಾರದ ಕಡೆ ಕೆಲಸವಾಯಿತು. ಮೀನಿಗೆ ಹೋದ ದೋಣಿಗಳು ದಡಕ್ಕೆ ಬಂದವೋ ಇಲ್ಲವೋ ಎಂದು ಮನೆಯವರು ನೋಡುವ ಪುಟ, ಅದನ್ನು ಕಟ್ಟುವವರಲ್ಲಿ ಆಕೆಯೂ ಒಬ್ಬಳು. ತಾಯಿ ಮಗಳು ಒಂದು ಕೋಣೆ ಹಿಡಿದಿದ್ದಾರೆ. ಮಾಳಿಗೆಗೆ ಹೋದರೆ ಎರಡು ಮನೆಗಳ ನಡುವೆ ಒಂದು ಚೂರು ಸಮುದ್ರ ಕಾಣುತ್ತದಂತೆ. ಬನ್ನಿ ಅಜ್ಜ, ಅಜ್ಜಿಯನ್ನೂ ಕರ್ಕೊಂಡು ಬನ್ನಿ ಎಂದು ಫೋನು ಮಾಡುತ್ತಾಳೆ. ಹೋಗಬೇಕು. ಆದರೆ ನಾನು ಹಂಬಲಿಸಿದ ಸಮುದ್ರ ಅದಲ್ಲ. ಅದು ಆ ಬಾಗಿಲಿನದು, ಬಾಗಿಲ ಕೂಡವೇ ಹೋಯಿತು.

ಆಕೆಯ ಪುಟವನ್ನು ನನ್ನ ಫೋನಿನಲ್ಲಿ ಹಾಕಿಕೊಟ್ಟಿದ್ದಾಳೆ. ಮನೆಯಲ್ಲಿ ಕುಳಿತು ಒಂದು ದೋಣಿಯ ಹೆಸರು ಒತ್ತಿದರೆ ಉತ್ತರ ತಟ್ಟನೆ ಬಂದುಬಿಡುತ್ತದೆ. ತಟ್ಟನೆ ಬಂದರೆ ನಡುವಿನ ಆ ಮಾತು ಕಾಣುವುದೇ ಇಲ್ಲ. ಅದಕ್ಕೆ ನಾನು ಆಗಾಗ ಕರೇಗುಡ್ಡಕ್ಕೆ ಹೋಗುತ್ತೇನೆ. ಗುಡ್ಡ ಸೀಳಿದ ಆ ಸಂದಿನಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಗೇಟಿಲ್ಲ, ಕೋಣೆಯ ಮಾಡು ಬಿದ್ದಿದೆ, ಬೇವಿನ ಗಿಡ ಇದೆ.

ಮೊನ್ನೆ ಕಸ್ತೂರೆವ್ವನೂ ಬುತ್ತಿ ಕಟ್ಟಿಕೊಂಡು ಬಂದಳು. ಗಿಡದ ಬುಡದಲ್ಲಿ ಕುಳಿತು ನಾನು ಗುಂಡಿ ಒತ್ತಿದೆ. ಸಣ್ಣ ಚಕ್ರ ತಿರುಗಿತು. ತಿರುಗಿ ತಿರುಗಿ ಕೊನೆಗೆ ಆ ಸಾಲು ಬಂತು. ಅಕ್ಷರ ಕೂಡಿಸಿ ಕೂಡಿಸಿ ಆಕೆಗೆ ಕೇಳುವಂತೆ ಓದಿದೆ. ಉತ್ತರ ಬರುವುದು ತಡವಾಗಿದೆ. ತಪ್ಪು ನಿಮ್ಮದಲ್ಲ. ನೆರಳಿನಲ್ಲಿ ಕುಳಿತುಕೊಳ್ಳಿ.

"ಕೂತೀವಲ್ಲವಾ," ಎಂದಳು ಕಸ್ತೂರೆವ್ವ, ಎದುರಿಗೆ ನಾಗವೇಣಿಯೇ ಇದ್ದಂತೆ. ಹಳಿಯ ಮೇಲೆ ಗಾಳಿ ಬೀಸಿ ಬಂದು ಹೋಯಿತು. ನಾನು ಕಿವಿ ಕೊಟ್ಟು ಕೇಳಿದೆ. ಬರೀ ಗಾಳಿ.

ಇನ್ನೂ ಸ್ವಲ್ಪ ಹೊತ್ತು ಬರದಿರಲಿ ಎಂದುಕೊಳ್ಳುತ್ತಿದ್ದೆ. ಎಲ್ಲಿಂದಲೋ ಒಂದು ಚೂರು ಸಿಗ್ನಲ್ ಬಂದು ಫೋನು ನಡುಗಿತು. ಆ ಸಾಲು ಹೋಗಿ ಇನ್ನೊಂದು ಬಂತು.

"ಏನಂತ?" ಎಂದಳು ಕಸ್ತೂರೆವ್ವ.

"ದೋಣಿ ದಡ ಸೇರೈತಂತ."

"ಯಾರ ದೋಣಿ?"

"ಯಾರದೋ."

"ಸೇರಿತಲ್ಲ ಪಾಪ," ಎಂದು ಆಕೆ ಬುತ್ತಿಯ ಗಂಟು ಬಿಚ್ಚಿದಳು. "ಉಣ್ಣರಿ ಬರ್ರಿ. ರೊಟ್ಟಿ ಎಲ್ಲಿ ಅಂತ ಒಮ್ಮೆ ಕೇಳ್ರಿ."

ಕೇಳಿದೆ.